ಲೋಗೊ ಅವರದು, ಬೈಗುಳ ಇವರಿಗೆ

ಮಾನ್ಯ ಸಂಪಾದಕರೇ,

ಹೊರದೇಶದ ದುಡ್ಡಿನಲ್ಲಿ ಕೆಲಸ ಮಾಡುವ ಸಂಘ ಸಂಸ್ಥೆಗಳನ್ನು ಕಂಡರೆ ಸಿಡಿಮಿಡಿಗೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಅದೆಲ್ಲ ಸರ್ಕಾರಗಳು ಹಚ್ಚಿದ ಬೆಂಕಿ ಅಂತ ತಳ್ಳಿಹಾಕುವವರೂ ಇದ್ದಾರೆ. ಆ ಸಿಟ್ಟಿಗೆ ಕಾರಣವೇ ಇಲ್ಲ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ.

ಪಾಕಿಸ್ತಾನವನ್ನೇ ನೋಡಿ. 2011ರಲ್ಲಿ ಬಿನ್ ಲಾಡೆನ್ ಪತ್ತೆಗಾಗಿ ಅಮೆರಿಕದ ಸಿಐಎ ಅಬೊಟಾಬಾದ್‌ನಲ್ಲಿ ಲಸಿಕೆ ಹಾಕುವ ನಾಟಕ ಆಡಿಸಿತು. ಲಸಿಕೆ ಬಗ್ಗೆ ಅನುಮಾನ ಮೊದಲೂ ಇತ್ತು, ಇದು ಬಯಲಾದ ಮೇಲೆ ಅನುಮಾನಕ್ಕೆ ಪುರಾವೆಯೇ ಸಿಕ್ಕಂತಾಯಿತು. ಪೆಟ್ಟು ತಿಂದವರು ಯಾರು? ಹೆಗಲಿಗೆ ಐಸ್ ಡಬ್ಬಿ ನೇತುಹಾಕಿಕೊಂಡು ಮನೆ ಮನೆ ಬಾಗಿಲು ತಟ್ಟಿ, ಮಗುವಿನ ಬಾಯಿಗೆ ಎರಡು ಹನಿ ಪೋಲಿಯೊ ಹಾಕಿ, ಕಿರುಬೆರಳಿಗೆ ಶಾಯಿ ಹಚ್ಚಿ ಮುಂದಿನ ಮನೆಗೆ ಹೋಗುತ್ತಿದ್ದ ಅಲ್ಲಿನವರೇ ಆದ ಹೆಣ್ಣುಮಕ್ಕಳು. 2012ರ ಡಿಸೆಂಬರ್‌ನಲ್ಲಿ ಕರಾಚಿ, ಪೇಶಾವರಗಳಲ್ಲಿ ಅಂಥವರನ್ನು ಗುಂಡಿಟ್ಟು ಕೊಂದರು. ಇನ್ನು ಮುಂದೆ ಲಸಿಕೆಯನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಅಂತ ಶ್ವೇತಭವನ ಮಾತು ಕೊಟ್ಟಿದ್ದು 2014ರಲ್ಲಿ. ಹೈಟಿಯಲ್ಲೂ ಅಷ್ಟೇ. 2010ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದಿಂದ ಕಾಲರಾ ಹಬ್ಬಿ ಸಾವಿರಾರು ಜನ ಸತ್ತರು, ಕ್ಷಮೆ ಬರಲು ಆರು ವರ್ಷ ಬೇಕಾಯಿತು.

ಹಾಗಂತ ಕಾನೂನು ತಂದು ಬಾಗಿಲು ಹಾಕಿದರೆ ಆಯ್ತಾ? ಹೊರಗಿನಿಂದ 10%ಕ್ಕಿಂತ ಜಾಸ್ತಿ ಹಣ ಪಡೆಯುವ ಸಂಸ್ಥೆಗಳು ಮಾನವ ಹಕ್ಕುಗಳ ತಂಟೆಗೇ ಬರಬಾರದು ಅಂತ ಇಥಿಯೋಪಿಯಾ 2009ರಲ್ಲಿ ಕಾನೂನು ಮಾಡಿತ್ತು. ಸರ್ಕಾರವನ್ನು ಪ್ರಶ್ನಿಸುವವರಿಗೆ ಒಳಗಡೆ ಯಾರು ಚಂದಾ ಕೊಡ್ತಾರೆ ಹೇಳಿ? ಸೊರಗಿದ್ದು ಅಲ್ಲಿನ ಸಂಘಗಳೇ. ಕೊನೆಗೆ 2019ರಲ್ಲಿ ಆ ಕಾನೂನನ್ನೇ ಬದಲಿಸಿದರು.

ನಾನು ಕೆಲವು ವರ್ಷ ಇಂಥದ್ದೇ ಒಂದು ಚಿಕ್ಕ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ದುಡ್ಡು ಕೊಡುವವರಿಗೆ ಎಲ್ಲೆಲ್ಲೂ ಅವರ ಲೋಗೊ ಬೇಕು. ಬೋರ್ಡಿನ ಮೇಲೆ, ಜೀಪಿನ ಮೇಲೆ, ಮಕ್ಕಳ ಚೀಲದ ಮೇಲೂ. ಇದರಿಂದ ನಮಗೆ ತೊಂದರೆ ಅಂದರೆ 'ಅದು ನಿಯಮ' ಅಂತ ಉತ್ತರ. ಅವರು ಬಂದು ಫೋಟೊ ತೆಗೆಸಿಕೊಂಡು ವಿಮಾನ ಹತ್ತುತ್ತಿದ್ದರು, 'ಯಾರ ಏಜೆಂಟಮ್ಮಾ ನೀನು' ಅನ್ನಿಸಿಕೊಳ್ಳುತ್ತಿದ್ದವಳು ಮಾತ್ರ ಅದೇ ದಾರಿಯಲ್ಲಿ ದಿನಾ ಓಡಾಡುವ ನಮ್ಮ ಕಾರ್ಯಕರ್ತೆ. ಬೇರೊಬ್ಬ ಪಾಲುದಾರರು ಸಿಕ್ಕರು, ಪಾಪ ಒಳ್ಳೆಯವರು, ನಮ್ಮ ಹೆಸರೇ ಬೇಡ, ಗುಟ್ಟಾಗಿಡಿ ಅಂದರು. ಅದು ಇನ್ನೂ ಅಪಾಯ. ಮುಚ್ಚಿಟ್ಟ ಹೆಸರು ಹೊರಬಿದ್ದ ದಿನ ನಾವು ನಿಜವಾಗಿಯೂ ಗೂಢಚಾರರಂತೆ ಕಾಣುತ್ತೇವೆ, ಅಲ್ವಾ?

ನಾನು ಕೇಳುವುದಿಷ್ಟೇ. ಹೆಸರು ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅನ್ನುವುದನ್ನು ಅಲ್ಲಿ ಬದುಕುವವರು ತೀರ್ಮಾನಿಸಲಿ. ಲೆಕ್ಕ ಮಾತ್ರ ಎಲ್ಲರಿಗೂ ಕಾಣುವಂತಿರಲಿ, ಅದೂ ಅವರ ಭಾಷೆಯಲ್ಲೇ. ತುರ್ತು ನೆರವಿನ ಹಣದಲ್ಲಿ ಕಾಲು ಭಾಗವನ್ನು ಸ್ಥಳೀಯ ಸಂಸ್ಥೆಗಳ ಕೈಗೇ ಕೊಡುತ್ತೇವೆ ಅಂತ 2016ರಲ್ಲಿ ದೊಡ್ಡ ದೊಡ್ಡ ದಾನಿಗಳು ಸಹಿ ಹಾಕಿದ್ದರು. ಗಡುವು 2020 ಬಂದು ಹೋಯಿತು, ಮಾತು ಮಾತಾಗಿಯೇ ಉಳಿಯಿತು.

ನಾವು ಒಮ್ಮೆ ಧೈರ್ಯ ಮಾಡಿ ವರ್ಷದ ಲೆಕ್ಕವನ್ನು ಕಚೇರಿ ಗೋಡೆಗೆ ಅಂಟಿಸಿದೆವು. ಯಾರು ಕೊಟ್ಟರು, ಎಷ್ಟು, ಯಾವುದಕ್ಕೆ, ಎಲ್ಲ. ನಮ್ಮನ್ನು ಬೈಯುತ್ತಿದ್ದವರೇ ಬಂದು ನಿಂತು ಓದಿದರು. ಒಬ್ಬರು ಬೆರಳಿಟ್ಟು ಕೇಳಿದರು, 'ಜೀಪಿನ ಡೀಸೆಲ್‌ಗೆ ಇಷ್ಟು ಯಾಕಾಯ್ತು?' ಕೇಳಬೇಕಾದ ಪ್ರಶ್ನೆಯೇ. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಇತಿ,
ನಿಮ್ಮ ಓದುಗ