ಹಳೆಯ ದೋಣಿ, ಹೊಸ ನೆರೆ: ಸಂಸದರಿಗೊಂದು ಬಹಿರಂಗ ಪತ್ರ

ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಸಂಸದರಿಗೆ, ನಮಸ್ಕಾರ.

ಕಳೆದ ಮಳೆಗಾಲದ ಒಂದು ರಾತ್ರಿ ಮುಂಬೈಯಿಂದ ಅಕ್ಕನ ಫೋನು. "ಎಂಥ ಮಾರಾಯ, ಮನೆಯೊಳಗೆ ನೀರು ಬಂತಾ? ಟಿವಿಯಲ್ಲಿ ಉಡುಪಿ ಮುಳುಗಿತು ಅಂತ ತೋರಿಸ್ತಿದ್ದಾರೆ." ನಾನು ಗಂಜಿ ಉಣ್ಣುತ್ತಿದ್ದೆ. ಅಂಗಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಟಿವಿ ಹಾಕಿದರೆ ಸೈರನ್ ಸದ್ದು, ಕೆಂಪು ಅಕ್ಷರ, ನಮ್ಮದೇ ಬೈಲಕೆರೆಯಲ್ಲಿ ಜನರನ್ನು ಹೊತ್ತ ದೋಣಿ. ಆ ದೋಣಿ ನನಗೆ ಗೊತ್ತು. 2020ರ ಸೆಪ್ಟೆಂಬರ್ 20ರ ನೆರೆಯದ್ದು. ಅದರಲ್ಲಿ ಕೂತವರಲ್ಲಿ ನಾನೂ ಒಬ್ಬ!

ವಾಹಿನಿಗೆ ದೂರು ಬರೆದೆ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಸ್ವೀಕೃತಿ ಬಂತು. ಹದಿನಾಲ್ಕನೇ ದಿನ ಉತ್ತರವೂ ಬಂತು: "ಅದು ಸಾಂದರ್ಭಿಕ ದೃಶ್ಯ." ಅದೇ ನಿಯಮಗಳ ಕಾರ್ಯಕ್ರಮ ಸಂಹಿತೆ ಅರ್ಧಸತ್ಯವನ್ನು ಹೆಸರಿಟ್ಟೇ ನಿಷೇಧಿಸಿದೆ. ದೋಣಿ ನಿಜ, ಊರು ನಿಜ, ತಾರೀಖು ಮಾತ್ರ ನಾಪತ್ತೆ; ಅರ್ಧಸತ್ಯಕ್ಕೆ ಇನ್ನೆಂಥ ಉದಾಹರಣೆ ಬೇಕು?

ಇದು ದೋಣಿಗೇ ಮುಗಿಯುವುದಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. 2022ರಲ್ಲಿ ನಮ್ಮೂರ ಕಾಲೇಜಿನ ಗೇಟಿನ ಮುಂದೆ ದೇಶದ ಕ್ಯಾಮೆರಾಗಳೆಲ್ಲ ಬಂದು ನಿಂತದ್ದು ನೆನಪಿದೆಯಲ್ಲ? ಹಿಜಾಬ್ ವಿವಾದದ ಕುರಿತು ಹಿಂದಿ ವಾಹಿನಿಯೊಂದು ಏಪ್ರಿಲ್‌ನಲ್ಲಿ ನಡೆಸಿದ ಚರ್ಚೆಯಲ್ಲಿ, ಹಿಜಾಬ್ ಪರ ಮಾತಾಡಿದವರನ್ನು ಅಲ್ ಖೈದಾದ ಆಗಿನ ಮುಖ್ಯಸ್ಥ ಜವಾಹಿರಿಯೊಂದಿಗೆ ತಳಕು ಹಾಕಲಾಯಿತು. ವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರ 50,000 ರೂಪಾಯಿ ದಂಡ ಹಾಕಿತು. ಯಾವಾಗ? ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಎಷ್ಟು ಅಂಗಡಿ ಜಗಲಿಗಳಲ್ಲಿ ಆ ಮಾತು ಸುತ್ತಿತ್ತೋ. ಗರಿಷ್ಠ 1 ಲಕ್ಷದ ದಂಡದಿಂದ ಏನು ಪರಿಣಾಮ ಎಂದು ಮರುವರ್ಷ ಸುಪ್ರೀಂ ಕೋರ್ಟೇ ಕೇಳಿತು.

ಸರ್ಕಾರ ಕತ್ತರಿ ಹಿಡಿದು ಕೂರಲಿ ಎಂದು ನಾನು ಹೇಳುತ್ತಿಲ್ಲ. ಆ ಮದ್ದು ರೋಗಕ್ಕಿಂತ ಕೆಟ್ಟದ್ದು. ಕೇಳುವುದು ಎರಡೇ. ಹಳೆಯ ದೃಶ್ಯ ತೋರಿಸುವಾಗ ಪರದೆಯ ಮೇಲೆ ಅದರ ತಾರೀಖು ಇರಬೇಕು. ತಪ್ಪಾದರೆ, ತಪ್ಪಿದ ಹೊತ್ತಿನಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬರಬೇಕು. ರಾತ್ರಿ ಒಂಬತ್ತಕ್ಕೆ ಹೇಳಿದ್ದನ್ನು ಬೆಳಗಿನ ಜಾವ ಮೂರಕ್ಕೆ ತಿದ್ದಿದರೆ ಕೇಳುವವರು ಯಾರು, ಗುಮ್ಮನ ಹಕ್ಕಿಯೇ? ಸಾಧ್ಯವಿಲ್ಲದ್ದೇನಲ್ಲ ಇದು. ನಮ್ಮೂರ ಕೇಬಲ್‌ನವರ ಸಂಜೆ ವಾರ್ತೆ ನೋಡಿ. ಕಂಬಳ, ಕೋಲದ ನಡುವೆಯೇ ಎಲ್ಲಿ ಮರ ಬಿತ್ತು, ಯಾವ ರಸ್ತೆ ಬಂದ್ ಎಂದು ಹೇಳಿ ಮುಗಿಸುತ್ತಾರೆ. ವರ್ಷಗಟ್ಟಲೆ ಕುಂಟಿದ ಇಂದ್ರಾಳಿ ರೈಲ್ವೆ ಸೇತುವೆಯ ಕಂತು ಕಂತಿನ ಸುದ್ದಿ ನನಗೆ ಸಿಕ್ಕಿದ್ದು ಅವರಿಂದ. ಅದರ ಮೇಲೆ ಒಂದು ಸ್ಟುಡಿಯೋ ಚರ್ಚೆ ನಾನಂತೂ ಕಂಡಿಲ್ಲ.

ಹಾಗಾಗಿ ಮುಂದಿನ ಅಧಿವೇಶನದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಸಿಗುವ, ಪ್ರಶ್ನೆಯೊಂದನ್ನಾದರೂ ಹಾಕಿ: 2021ರಿಂದ ಎಷ್ಟು ದೂರುಗಳು ಬಂದವು, ಎಷ್ಟಕ್ಕೆ ಪರದೆಯ ಮೇಲೆ ತಿದ್ದುಪಡಿ ಬಂತು? ಪ್ರಶ್ನೆಯ ಸಂಖ್ಯೆ ತಿಳಿಸಿದರೆ ಉತ್ತರವನ್ನು ನಾನೇ ಹುಡುಕಿ ಓದಿಕೊಳ್ಳುತ್ತೇನೆ.

ಇಂತಿ,
ಬೈಲಕೆರೆಯ ಒಬ್ಬ ಮತದಾರ