ಕಿವಿ ಮಿಷನ್ ಕೊಟ್ಟಿರಿ, ಹೇಳಿಕೊಡುವ ಮೇಡಂ ಎಲ್ಲಿ?

ಸಂಪಾದಕರೇ,

ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಅವಳಿಗೆ ಎರಡೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಿಷನ್ ಹಾಕಿ ಎದುರಿಗೆ ಕೂರಿಸಿಕೊಂಡು, ಮುಖ ಕಾಣುವ ಹಾಗೆ ನಿಧಾನಕ್ಕೆ ಮಾತಾಡಿದರೆ ಎಲ್ಲಾ ಅರ್ಥ ಆಗುತ್ತದೆ, ತಿರುಗಿ ಜಗಳವನ್ನೂ ಆಡುತ್ತಾಳೆ. ಆ ಮಿಷನ್ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಒಂದು ಸರ್ಕಾರಿ ತಪಾಸಣಾ ಶಿಬಿರದಲ್ಲಿ, ಪುಕ್ಕಟೆಯಾಗಿ. ಅವತ್ತು ಸಹಿ ಹಾಕಿಸಿಕೊಂಡರು, ಫೋಟೊ ತೆಗೆದರು, ಮಧ್ಯಾಹ್ನ ಪಲಾವ್ ಕೊಟ್ಟರು. ಉಪಕಾರ ಮರೆತಿಲ್ಲ.

ಈಗ ಆ ಮಿಷನ್ ಅವಳ ಪೆನ್ಸಿಲ್ ಡಬ್ಬಿಯಲ್ಲಿ ಇರುತ್ತದೆ. ಯಾಕೆ ಅಂದರೆ ಕಿವಿಯೊಳಗೆ ಕೂರುವ ಅಚ್ಚು, ಮೋಲ್ಡ್ ಅನ್ನುತ್ತಾರಲ್ಲ, ಅದು ಸಡಿಲ ಆಗಿದೆ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಚಪ್ಪಲಿ ಸಾಲದೆ ಬರುವ ಹಾಗೆ ಮೋಲ್ಡೂ ಸಾಲದೆ ಬರುತ್ತದೆ, ಆಗಾಗ ಹೊಸ ಅಳತೆ ಕೊಟ್ಟು ಮಾಡಿಸಬೇಕು. ಇಲ್ಲದಿದ್ದರೆ ಮಿಷನ್ ಕುಂಯ್ ಅಂತ ಶಿಳ್ಳೆ ಹೊಡೆಯುತ್ತದೆ. ಶಿಳ್ಳೆ ಕೇಳಿ ಪಕ್ಕದವರು ನಗುತ್ತಾರೆ, ಇವಳು ಕಿತ್ತು ಡಬ್ಬಿಗೆ ಹಾಕುತ್ತಾಳೆ. ಜೊತೆಗೆ ಬ್ಯಾಟರಿ. ಮಳೆಗಾಲದಲ್ಲಿ ಅವು ಎಷ್ಟು ಬೇಗ ಸಾಯುತ್ತವೆ ಅಂತ ಮಲೆನಾಡಿನ ಕಡೆ ಇರುವವರನ್ನು ಕೇಳಿ. ಮಿಷನ್ ಕೊಟ್ಟ ಶಿಬಿರದಲ್ಲಿ ಮೋಲ್ಡ್ ಬದಲಿಸುವುದು ಎಲ್ಲಿ ಅಂತ ಒಬ್ಬರೂ ಹೇಳಲಿಲ್ಲ, ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ಮೊನ್ನೆ ಅವಳು ಊಟದ ತಟ್ಟೆ ಮರೆತು ಹೋಗಿದ್ದಳು. ಕೊಡಲು ಹೋದವಳು ನಲಿ-ಕಲಿ ಕೋಣೆಯ ಬಾಗಿಲಲ್ಲೇ ಅರ್ಧ ಗಂಟೆ ನಿಂತುಬಿಟ್ಟೆ. (ಅಲ್ಲಿ ಮಕ್ಕಳ ಗುಂಪಿಗೂ ತಟ್ಟೆ ಅಂತಲೇ ಹೆಸರು, ಐದು ತಟ್ಟೆ.) ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ಒಂದು ತಟ್ಟೆಯಲ್ಲಿ ಹಾಡು, ಇನ್ನೊಂದರಲ್ಲಿ ಲೆಕ್ಕ, ಮತ್ತೊಂದರಲ್ಲಿ ಕಾರ್ಡಿಗೆ ಕಿತ್ತಾಟ. ಬೇರೆ ಮಕ್ಕಳಿಗೆ ಇದು ಒಳ್ಳೆಯದೇ ಇರಬಹುದು. ಕಿವಿ ಮಿಷನ್ ಹಾಕಿದ ಮಗುವಿಗೆ ಮಾತ್ರ ಜಾತ್ರೆಯೊಳಗೆ ಕೂರಿಸಿ ಪಾಠ ಹೇಳಿದ ಹಾಗೆ, ಮಿಷನ್ ಮಿಸ್ ಮಾತನ್ನು ಜೋರು ಮಾಡಿದ ಹಾಗೆಯೇ ಆ ಗದ್ದಲವನ್ನೂ ಜೋರು ಮಾಡುತ್ತದೆ ಅಲ್ವಾ. ಮಿಸ್ ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಹೇಳುತ್ತಿದ್ದರು. ನನ್ನ ಮಗಳು ಪಕ್ಕದ ಹುಡುಗಿಯ ಪುಸ್ತಕ ನೋಡಿ ಬರೆಯುತ್ತಿದ್ದಳು. ಅವಳ ನೋಟ್‌ಬುಕ್ ನೋಡಿದರೆ ಮುತ್ತಿನಂಥ ಅಕ್ಷರ. ಓದು ಅಂದರೆ ಒಂದು ಸಾಲೂ ಬರುವುದಿಲ್ಲ.

ಮಿಸ್ ಮೇಲೆ ನನಗೆ ಸಿಟ್ಟಿಲ್ಲ. ಮೂರು ಕ್ಲಾಸು, ಮೊಟ್ಟೆ ಲೆಕ್ಕ, ಆನ್‌ಲೈನ್ ಹಾಜರಿ, ಎಲ್ಲಾ ಅವರೊಬ್ಬರ ತಲೆ ಮೇಲೆ. ಇಂಥ ಮಗುವಿಗೆ ಹೇಗೆ ಹೇಳಿಕೊಡಬೇಕು ಅಂತ ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೆ. ಅದನ್ನು ಕಲಿತವರು ಬಿಐಇಆರ್‌ಟಿ ಮೇಡಂ, ಅಂದರೆ ಇಂಥ ಮಕ್ಕಳಿಗೆ ಅಂತ ತಾಲ್ಲೂಕಿಗೆ ಇರುವ ವಿಶೇಷ ಶಿಕ್ಷಕಿ. ಅವರು ಈ ವರ್ಷ ನಮ್ಮ ಶಾಲೆಗೆ ಬಂದಿದ್ದು ಎರಡು ಸಲ. ಇಡೀ ತಾಲ್ಲೂಕು ಸುತ್ತಬೇಕು, ಹಾಸಿಗೆ ಹಿಡಿದ ಮಕ್ಕಳಿಗೆ ಮನೆಗೇ ಹೋಗಿ ಹೇಳಿಕೊಡಬೇಕು, ಶಿಬಿರ ಮಾಡಬೇಕು, ವರದಿ ಕಳಿಸಬೇಕು. ಬಂದ ದಿನ ಇಪ್ಪತ್ತು ನಿಮಿಷ ನನ್ನ ಮಗಳ ಜೊತೆ ಕೂತಿದ್ದರು. ಆ ಇಪ್ಪತ್ತು ನಿಮಿಷದಲ್ಲಿ ಕಲಿತ ನಾಲ್ಕು ಪದ ಇವತ್ತಿಗೂ ಅವಳಿಗೆ ನೆನಪಿದೆ.

ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅನ್ನುವುದು ನಾನು ಇವತ್ತು ಹೊಸದಾಗಿ ಎತ್ತುತ್ತಿರುವ ತಕರಾರಲ್ಲ. ಆ ಲೆಕ್ಕ ಗೊತ್ತು ಮಾಡಿ ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಕೇಂದ್ರ ಸರ್ಕಾರಕ್ಕೆ ಹೇಳಿದೆ. 2022ರಲ್ಲಿ ಕೇಂದ್ರ ಸರ್ಕಾರದ ಅಧಿಸೂಚನೆಯೂ ಬಂತು: ಒಂದರಿಂದ ಐದನೇ ಕ್ಲಾಸಿನವರೆಗೆ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ ಹದಿನೈದಕ್ಕೆ ಒಬ್ಬರು. ಆದರೂ ರಾಜ್ಯಗಳು ಹುದ್ದೆ ಮಾಡಲಿಲ್ಲ ಅಂತ 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಗದರಿಸಿ, ಹುದ್ದೆ ಎಷ್ಟು ಅಂತ ಲೆಕ್ಕ ಹಾಕಿ ಪ್ರಕಟಿಸಿ ಅಂದಿದೆ. ನಮ್ಮೂರಿನ ಶಾಲೆಯವರೆಗೆ ಆ ಮಾತು ಇನ್ನೂ ಬಂದಿಲ್ಲ.

ಸಲಹೆ ಕೊಡುವವರಿಗೆ ಮಾತ್ರ ಬರ ಇಲ್ಲ. ‘ಮೈಸೂರಿನ ಕಿವುಡ ಮಕ್ಕಳ ಶಾಲೆಗೆ ಹಾಕಿಬಿಡಮ್ಮ, ಹಾಸ್ಟೆಲ್ ಇದೆ’ ಅನ್ನುತ್ತಾರೆ. ಆ ಶಾಲೆ ಬೇಕಾದವರಿಗೆ ಬೇಕೇ ಬೇಕು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏನು ಹೇಳುತ್ತದೆ? ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ, ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ನಮ್ಮದು. ಎಂಟು ವರ್ಷದ ಮಗುವನ್ನು ಊರು ಬಿಡಿಸಿ ಹಾಸ್ಟೆಲಿಗೆ ಕಳಿಸುವುದು ನನಗೆ ಇಷ್ಟ ಇಲ್ಲ. ಅವಳಿಗೂ ಇಲ್ಲ.

ಕೊನೆಗೆ ಮೈಸೂರಿಗೆ ಹೋದೆವು, ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ. ಚೆನ್ನಾಗಿ ನೋಡಿದರು, ಮನೆಯಲ್ಲಿ ಹೇಗೆ ಮಾತಾಡಿಸಬೇಕು ಅಂತ ನನಗೂ ಹೇಳಿಕೊಟ್ಟರು. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜ್ ಉಳಿಯಿತು. ಆದರೆ ಒಂದು ಮೋಲ್ಡ್‌ಗೆ ಅಳತೆ ಕೊಡಲು ಒಂದು ದಿನ, ಅದನ್ನು ತರಲು ಇನ್ನೊಂದು ದಿನ. ನಾನು ಹೊಲಿಗೆ ಮಾಡಿ ದುಡಿಯುವವಳು, ಎರಡು ದಿನದ ದುಡಿಮೆ ಹೋಯಿತು, ಅವಳಿಗೆ ಎರಡು ದಿನ ಶಾಲೆ ತಪ್ಪಿತು.

ದೊಡ್ಡ ದೊಡ್ಡದು ಕೇಳುತ್ತಿಲ್ಲ. ಹುದ್ದೆ ತುಂಬುವವರೆಗೆ ಕ್ಲಸ್ಟರ್‌ಗೆ (ಅಕ್ಕಪಕ್ಕದ ಕೆಲವು ಶಾಲೆ ಸೇರಿದ ಗುಂಪು) ಒಬ್ಬರಾದರೂ ವಿಶೇಷ ಶಿಕ್ಷಕರನ್ನು ಕೊಡಿ, ವಾರಕ್ಕೆ ಒಂದು ದಿನ ಪ್ರತಿ ಶಾಲೆಗೆ ಬರಲಿ. ಮೋಲ್ಡ್ ಮತ್ತು ಬ್ಯಾಟರಿ ತಾಲ್ಲೂಕಿನಲ್ಲೇ ಸಿಗಲಿ. ಇನ್ನೊಂದಕ್ಕೆ ಒಂದು ರೂಪಾಯಿಯೂ ಬೇಡ: ಇಂಥ ಮಗುವನ್ನು ಮುಂದೆ ಕೂರಿಸಿ, ಬೋರ್ಡಿಗೆ ಬೆನ್ನು ಮಾಡಿ, ಮಗುವಿನ ಕಡೆ ಮುಖ ಮಾಡಿ ಮಾತಾಡಿ ಅಂತ ಎಲ್ಲ ಶಾಲೆಗೂ ಒಂದು ಸುತ್ತೋಲೆ ಕಳಿಸಿ. ಎಲ್ಲದಕ್ಕೂ ಸುತ್ತೋಲೆ ಬರುತ್ತದಂತೆ, ಇದಕ್ಕೂ ಒಂದು ಬರಲಿ.

ಮುಂದಿನ ತಿಂಗಳು ಮತ್ತೆ ತಪಾಸಣಾ ಶಿಬಿರ ಇದೆಯಂತೆ. ಹೋಗುತ್ತೇವೆ. ಈ ಸಲ ಸಹಿ ಹಾಕುವ ಮೊದಲು, ಮೋಲ್ಡ್ ಅಳತೆ ತೆಗೆದುಕೊಳ್ಳುವವರು ಬಂದಿದ್ದಾರಾ ಅಂತ ಕೇಳುತ್ತೇನೆ.

– ಒಬ್ಬ ತಾಯಿ, ಹಾಸನ ಜಿಲ್ಲೆ