ಒಲೆಯ ಹಿಂದಿನ ಗೋಡೆಗೆಂದು ಮಾರಿ, ಒಲೆಯ ಹತ್ತಿರ ಬಳಸಬಾರದೆಂದು ಹೇಳಿದ ಅಂಟು ಟೈಲ್ಸ್ ಕುರಿತು ದೂರು

ಇವರಿಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಅಂಟು ಟೈಲ್ಸ್ ತಯಾರಿಕೆ ಹಾಗೂ ಆನ್‌ಲೈನ್ ಮಾರಾಟ ಸಂಸ್ಥೆ.

ಇವರಿಂದ,
ತಮ್ಮ ಗ್ರಾಹಕಿ,
ಮಲ್ಲೇಶ್ವರ, ಬೆಂಗಳೂರು.

ವಿಷಯ: ಅಡುಗೆಮನೆಯ ಅಂಟು ಟೈಲ್ಸ್ ಶಾಖಕ್ಕೆ ಮುರುಟಿ ಕಳಚಿರುವುದು, ಗೋಡೆಗೆ ಹಾನಿಯಾಗಿರುವುದು ಮತ್ತು ಹಣ ಹಿಂತಿರುಗಿಸಲು ನಿರಾಕರಿಸಿರುವುದು.

ಮಾನ್ಯರೇ,

ತಮ್ಮ ಸಂಸ್ಥೆಯ ಜಾಲತಾಣದಿಂದ ನಾನು ಅಡುಗೆಮನೆಯ ಗೋಡೆಗೆಂದು ತರಿಸಿಕೊಂಡ, ಹಿಂಬದಿಯ ಕಾಗದ ಸುಲಿದು ಅಂಟಿಸುವ ಟೈಲ್ಸ್ ಹಾಳೆಗಳು ಒಲೆಯ ಹಿಂಭಾಗದಲ್ಲಿ ಮುರುಟಿಕೊಂಡು ಕಳಚಿವೆ. ಕಳಚುವಾಗ ಗೋಡೆಯ ಬಣ್ಣವನ್ನೂ ಅದರಡಿಯ ಪುಟ್ಟಿಯನ್ನೂ ಕಿತ್ತುಕೊಂಡು ಬಂದಿವೆ. ಹಣ ವಾಪಸ್ ಕೇಳಿದ್ದಕ್ಕೆ ತಮ್ಮ ಗ್ರಾಹಕ ಸೇವಾ ವಿಭಾಗವು, ಉರಿಯಿಂದ 30 ಸೆಂಟಿಮೀಟರ್ ಒಳಗೆ ಈ ಟೈಲ್ಸ್ ಬಳಸಬಾರದೆಂಬ ಸೂಚನೆ ಪೊಟ್ಟಣದೊಳಗಿನ ಚೀಟಿಯಲ್ಲಿ ಇದೆಯೆಂದೂ, ಒಮ್ಮೆ ಪೊಟ್ಟಣ ಒಡೆದ ಮೇಲೆ ಸರಕನ್ನು ವಾಪಸ್ ಪಡೆಯುವುದಿಲ್ಲವೆಂದೂ ಉತ್ತರಿಸಿದೆ. ಪೊಟ್ಟಣ ಒಡೆಯದೆ ಓದಲಾಗದ ಷರತ್ತನ್ನು ಪೊಟ್ಟಣ ಒಡೆದವರ ಮೇಲೆಯೇ ಹೊರಿಸುವ ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಆದ್ದರಿಂದ ಈ ದೂರನ್ನು ತಮಗೆ ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ನಾವು ವಾಸವಾಗಿರುವುದು ಹಳೆಯ ಬಾಡಿಗೆ ಮನೆ. ಅಡುಗೆ ಕಟ್ಟೆಗೆ ಕಡಪಾ ಕಲ್ಲು ಹಾಸಿದೆ. ಅದರ ಮೇಲಿನ ಗೋಡೆಗೆ ಟೈಲ್ಸ್ ಇಲ್ಲ, ಬಣ್ಣ ಮಾತ್ರ ಇದೆ. ದಿನವೂ ಒಗ್ಗರಣೆ ಸಿಡಿಯುವ ಗೋಡೆಯಲ್ಲಿ ಜಿಡ್ಡು ಮತ್ತು ಅರಿಶಿನದ ಕಲೆ ಹೇಗೆ ಕೂರುತ್ತವೆ ಎಂಬುದನ್ನು ಅಡುಗೆ ಮಾಡುವವರಿಗೆ ವಿವರಿಸಬೇಕಾಗಿಲ್ಲ. ಸೆರಾಮಿಕ್ ಟೈಲ್ಸ್ ಹಾಕಿಸಬೇಕೆಂದರೆ ಗಾರೆ ಕೆತ್ತಬೇಕು, ಮೇಸ್ತ್ರಿಯನ್ನು ಕರೆಸಬೇಕು, ಎಲ್ಲಕ್ಕಿಂತ ಮೊದಲು ಮನೆಯ ಮಾಲೀಕರ ಒಪ್ಪಿಗೆ ಬೇಕು. ಮನೆ ಬಿಡುವಾಗ ಆ ಖರ್ಚಿನಲ್ಲಿ ಒಂದು ರೂಪಾಯಿಯೂ ನಮ್ಮ ಜೊತೆ ಬರುವುದಿಲ್ಲ. ನಮ್ಮಂತಹ ಬಾಡಿಗೆದಾರರನ್ನು ಉದ್ದೇಶಿಸಿಯೇ ತಮ್ಮ ಜಾಹೀರಾತು ಬರೆಯಲ್ಪಟ್ಟಿದೆ. ಗೋಡೆಗೆ ಮೊಳೆ ಬೇಡ, ಸಿಮೆಂಟ್ ಬೇಡ, ಬೇಡವೆನಿಸಿದಾಗ ಗುರುತು ಉಳಿಯದಂತೆ ಸುಲಿದು ತೆಗೆಯಬಹುದು, ಶಾಖಕ್ಕೂ ನೀರಿಗೂ ಎಣ್ಣೆಗೂ ಜಗ್ಗುವುದಿಲ್ಲ ಎಂದು ಅದರಲ್ಲಿ ಹೇಳಲಾಗಿದೆ. ಅದರೊಂದಿಗೆ ಕೊಟ್ಟಿರುವ ಚಿತ್ರದಲ್ಲಿ ಉರಿಯುತ್ತಿರುವ ಗ್ಯಾಸ್ ಒಲೆ, ಒಲೆಯ ಮೇಲೆ ಬಾಣಲೆ, ಬಾಣಲೆಗೆ ತಾಗಿದಂತೆಯೇ ಹಿಂದೆ ತಮ್ಮ ಟೈಲ್ಸ್ ಅಂಟಿಸಿದ ಗೋಡೆ ಕಾಣುತ್ತವೆ. ನಾನು ಹಣ ಕೊಟ್ಟದ್ದು ಆ ಚಿತ್ರವನ್ನು ನಂಬಿ.

ಪೊಟ್ಟಣ ಬಂದಾಗ ಒಳಗಿದ್ದ ಚೀಟಿಯನ್ನು ಪೂರ್ತಿ ಓದಿದೆ. ಅಂಟಿಸುವ ಕ್ರಮವನ್ನು ದೊಡ್ಡ ಚಿತ್ರಗಳಲ್ಲಿ ತೋರಿಸಿ, 30 ಸೆಂಟಿಮೀಟರಿನ ಎಚ್ಚರಿಕೆಯನ್ನು ಮಾತ್ರ ಹಿಂಬದಿಯ ಕೊನೆಯ ಸಾಲಿನಲ್ಲಿ, ಇಂಗ್ಲಿಷಿನಲ್ಲಿ, ಬಹಳ ಸಣ್ಣ ಅಕ್ಷರಗಳಲ್ಲಿ ಮುದ್ರಿಸಲಾಗಿತ್ತು. ಅದನ್ನು ಕಂಡೊಡನೆ, ಒಂದು ಹಾಳೆಯನ್ನೂ ಅಂಟಿಸುವ ಮೊದಲು, ತಮ್ಮ ಸಹಾಯವಾಣಿಗೆ ಕರೆ ಮಾಡಿ, ಜಾಹೀರಾತಿನ ಚಿತ್ರಕ್ಕೂ ಈ ಸಾಲಿಗೂ ಹೊಂದಿಕೆಯಾಗುತ್ತಿಲ್ಲವಲ್ಲ ಎಂದು ಕೇಳಿದೆ. ಮನೆಯ ದಿನನಿತ್ಯದ ಅಡುಗೆಗೆ ಏನೂ ತೊಂದರೆಯಿಲ್ಲ, ಎಲ್ಲ ಗ್ರಾಹಕರೂ ಒಲೆಯ ಹಿಂದೆಯೇ ಅಂಟಿಸುತ್ತಾರೆ, ಆ ಸಾಲು ಹೋಟೆಲಿನ ದೊಡ್ಡ ಒಲೆಗಳಿಗೆ ಸಂಬಂಧಿಸಿದ್ದು ಎಂದು ತಮ್ಮ ಪ್ರತಿನಿಧಿ ತಿಳಿಸಿದರು. ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ ಎಂಬ ಪ್ರಕಟಣೆ ಆರಂಭದಲ್ಲಿಯೇ ಕೇಳಿಬಂದಿತ್ತು. ಆ ಧ್ವನಿಮುದ್ರಣವನ್ನು ಅಳಿಸದೆ ಕಾಯ್ದಿರಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

ಗೋಡೆಯನ್ನು ಚೀಟಿಯಲ್ಲಿ ಹೇಳಿದಂತೆಯೇ ಸಿದ್ಧಪಡಿಸಲಾಯಿತು. ಸೋಪಿನ ನೀರಿನಿಂದ ಜಿಡ್ಡು ತೊಳೆದು, ಚೆನ್ನಾಗಿ ಒಣಗಲು ಬಿಟ್ಟು, ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮಟ್ಟ ನೋಡಿ ಗೆರೆ ಎಳೆದುಕೊಂಡು, ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತಾ ಗಾಳಿ ಉಳಿಯದಂತೆ ಅಂಟಿಸಿದೆವು. ಸಿಂಕಿನ ಪಕ್ಕದ ಗೋಡೆಗೂ ಅದೇ ದಿನ, ಅದೇ ಪೊಟ್ಟಣದ ಹಾಳೆಗಳನ್ನು ಅಂಟಿಸಿದೆವು. ಅಲ್ಲಿ ಅವು ಇಂದಿಗೂ ಗಟ್ಟಿಯಾಗಿ ನಿಂತಿವೆ. ದಿನವೂ ನೀರು ಸಿಡಿದರೂ ಒಂದು ಅಂಚೂ ಎದ್ದಿಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು, ಏಕೆಂದರೆ ತಮ್ಮ ಸರಕು ಎಲ್ಲೆಡೆಯೂ ನಿಷ್ಪ್ರಯೋಜಕವೆಂಬುದು ನನ್ನ ವಾದವಲ್ಲ. ಆದರೆ ಗೋಡೆಯನ್ನು ಸರಿಯಾಗಿ ಸಿದ್ಧಪಡಿಸಿರಲಿಲ್ಲ ಎಂದು ತಮ್ಮ ಸಿಬ್ಬಂದಿ ಈಗ ಹೇಳುತ್ತಿರುವ ಕಾರಣಕ್ಕೆ ಸಿಂಕಿನ ಪಕ್ಕದ ಆ ಗೋಡೆಯೇ ಉತ್ತರ ಕೊಡುತ್ತದೆ. ಎರಡೂ ಕಡೆ ಬಣ್ಣ ಒಂದೇ, ಅಂಟಿಸಿದವರೂ ನಾವೇ. ವ್ಯತ್ಯಾಸವಿರುವುದು ಶಾಖದಲ್ಲಿ ಮಾತ್ರ.

ಒಲೆಯ ಹಿಂದೆ ಮೊದಲು ಬಿಟ್ಟುಕೊಂಡದ್ದು ಹಾಳೆಗಳ ನಡುವಿನ ಸಂದು. ಆಮೇಲೆ ಕುಕ್ಕರ್ ಇಡುವ ಬದಿಯ ಹಾಳೆ ಉಬ್ಬಿ, ಹಳದಿ ತಿರುಗಿ, ಮೇಲಿನ ಅಂಚಿನಿಂದ ಮುರುಟತೊಡಗಿತು. ನನ್ನ ಅತ್ತೆಯವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಆ ಹಾಳೆ ಅರ್ಧಕ್ಕೆ ಕಳಚಿ ಒಲೆಯ ಕಡೆಗೆ ಬಾಗಿತು. ಅವರು ಕೂಡಲೇ ಗ್ಯಾಸ್ ಆರಿಸಿ ಹಿಂದೆ ಸರಿದದ್ದರಿಂದ ಅನಾಹುತ ತಪ್ಪಿತು. ವಯಸ್ಸಾದವರು, ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಕಾದ ಎಣ್ಣೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಾವೇ ಯೋಚಿಸಬೇಕು. ಇಂತಹ ಹಾಳೆಗಳಲ್ಲಿ ಹಲವಕ್ಕೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್ ಸುಟ್ಟರೆ ಬರುವ ಹೊಗೆಯಲ್ಲಿ ಕಣ್ಣನ್ನೂ ಶ್ವಾಸನಾಳವನ್ನೂ ಉರಿಸುವ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ ಎಂಬುದು ಪ್ಲಾಸ್ಟಿಕ್ ಉದ್ಯಮದಲ್ಲಿರುವ ತಮಗೆ ಹೊಸ ಸಂಗತಿಯಲ್ಲ.

ಇನ್ನು 30 ಸೆಂಟಿಮೀಟರಿನ ಷರತ್ತಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಮನೆಗಳ ಅಡುಗೆ ಕಟ್ಟೆಯ ಅಗಲ ಸಾಮಾನ್ಯವಾಗಿ ಎರಡು ಅಡಿ, ಅಂದರೆ ಸುಮಾರು 60 ಸೆಂಟಿಮೀಟರ್. ಒಲೆಯನ್ನು ಕಟ್ಟೆಯ ನಟ್ಟನಡುವೆ ಇಟ್ಟರೂ ಬರ್ನರಿನ ಮಧ್ಯಬಿಂದುವಿನಿಂದ ಗೋಡೆಗೆ ಸಿಗುವ ಅಂತರ 30 ಸೆಂಟಿಮೀಟರ್ ಮಾತ್ರ. ಉರಿ ಇರುವುದು ಮಧ್ಯಬಿಂದುವಿನಲ್ಲಲ್ಲ, ಬರ್ನರಿನ ಸುತ್ತ; ಅದರ ಮೇಲೆ ಪಾತ್ರೆ ಇಟ್ಟಾಗ ಉರಿ ತಳದುದ್ದಕ್ಕೂ ಹರಡಿ ಪಾತ್ರೆಯ ಬದಿಯಿಂದ ಮೇಲೇಳುತ್ತದೆ. 30 ಸೆಂಟಿಮೀಟರ್ ವ್ಯಾಸದ ದೋಸೆ ಕಾವಲಿ ಇಟ್ಟರೆ ಕಾವಲಿಯ ಅಂಚಿಗೂ ಗೋಡೆಗೂ ನಡುವೆ ಉಳಿಯುವುದು ಸುಮಾರು 15 ಸೆಂಟಿಮೀಟರ್. ಮೂರು ಬರ್ನರಿನ ಒಲೆಯಾದರೆ ಹಿಂದಿನ ಬರ್ನರ್ ಗೋಡೆಗೆ ಇನ್ನೂ ಹತ್ತಿರವಿರುತ್ತದೆ. ಒಲೆಯನ್ನು ಮುಂದಕ್ಕೆ ಎಳೆದುಕೊಂಡರೆ ಕಟ್ಟೆಯ ಅಂಚಿಗೆ ಬಂದು, ಅಡುಗೆ ಮಾಡುವವರ ಸೆರಗಿಗೂ ಮಕ್ಕಳ ಕೈಗೂ ಉರಿ ಎಟುಕುತ್ತದೆ. ಹೀಗಾಗಿ ತಮ್ಮ ಷರತ್ತನ್ನು ಪಾಲಿಸುತ್ತಾ ಈ ಟೈಲ್ಸನ್ನು ಒಲೆಯ ಹಿಂದೆ ಬಳಸುವುದು ಸಾಮಾನ್ಯ ಅಡುಗೆಮನೆಯಲ್ಲಿ ಸಾಧ್ಯವೇ ಇಲ್ಲ. ತಮ್ಮದೇ ಜಾಹೀರಾತಿನ ಚಿತ್ರದಲ್ಲಿರುವ ಅಡುಗೆಮನೆಯೂ ಆ ಷರತ್ತನ್ನು ಪಾಲಿಸಿಲ್ಲ. ಚೀಟಿಯ ಕೊನೆಯ ಸಾಲು ನಿಜವಾಗಿದ್ದರೆ ಚಿತ್ರ ಸುಳ್ಳು. ಚಿತ್ರ ನಿಜವಾಗಿದ್ದರೆ ನನ್ನ ಹಣ ನಿರಾಕರಿಸಲು ತಾವು ಕೊಟ್ಟ ಕಾರಣ ಸುಳ್ಳು.

ಸರಕು ಯಾವ ವಸ್ತುವಿನಿಂದ ಮಾಡಿದ್ದೆಂಬ ಮಾಹಿತಿ ಜಾಲತಾಣದಲ್ಲೂ ಇಲ್ಲ, ಪೊಟ್ಟಣದ ಮೇಲೂ ಇಲ್ಲ. ಇದು ಸಣ್ಣ ಕೊರತೆಯಲ್ಲ. ಅಂಟು ಟೈಲ್ಸ್ ಎಂಬ ಒಂದೇ ಹೆಸರಿನಲ್ಲಿ ಪಿವಿಸಿ ಹಾಳೆಯ ಮೇಲೆ ಪಾರದರ್ಶಕ ರಾಳ ಹೊಯ್ದವು, ಪಾಲಿಥೀನ್ ಫೋಮಿನವು, ತೆಳು ಅಲ್ಯೂಮಿನಿಯಂ ತಗಡಿನವು ಎಲ್ಲವೂ ಮಾರಾಟವಾಗುತ್ತವೆ. ಶಾಖದ ಮುಂದೆ ಇವುಗಳ ವರ್ತನೆ ಒಂದೇ ಬಗೆಯದಲ್ಲ. ಗಡಸು ಪಿವಿಸಿಯೇ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುತ್ತದೆ. ಬಾಗುವಂತೆ ಮೃದುಗೊಳಿಸಿದ ಹಾಳೆಗಳು ಅದಕ್ಕಿಂತ ಮೊದಲೇ ಸಡಿಲಗೊಳ್ಳುತ್ತವೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಕುಕ್ಕರಿನೊಳಗಿನ ಬಿಸಿ 120 ಡಿಗ್ರಿಯ ಹತ್ತಿರ ಇರುತ್ತದೆ, ಮತ್ತು ಅದು ಕೂಗಿದಾಗಲೆಲ್ಲ ಹಬೆ ಹೋಗಿ ತಾಗುವುದು ಇದೇ ಗೋಡೆಗೆ. ಇದನ್ನೆಲ್ಲ ತಿಳಿದಿರಬೇಕಾದ ತಯಾರಕರು ಎಷ್ಟು ಡಿಗ್ರಿಯವರೆಗೆ ಎಂದು ಹೇಳದೆ ಕೇವಲ ಶಾಖ ನಿರೋಧಕ ಎಂದು ಬರೆಯುವುದು ಗ್ರಾಹಕರಿಗೆ ಮಾಹಿತಿ ಕೊಟ್ಟಂತಾಗುವುದಿಲ್ಲ.

ಗೋಡೆಯ ಹಾನಿ ಬೇರೆಯೇ ಇದೆ. ಅರ್ಧ ಕಳಚಿದ ಹಾಳೆಗಳನ್ನು ಅಪಾಯವೆಂದು ತೆಗೆಯಲೇಬೇಕಾಯಿತು. ಚೀಟಿಯಲ್ಲಿ ಸೂಚಿಸಿದಂತೆ ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತಾ ಒಂದು ಮೂಲೆಯಿಂದ ನಿಧಾನವಾಗಿ ಸುಲಿದರೂ, ಮೇಲ್ಭಾಗ ಸಲೀಸಾಗಿ ಬಂದು ಕೆಳಭಾಗದಲ್ಲಿ ಬಣ್ಣವೂ ಪುಟ್ಟಿಯೂ ಗಾರೆ ಕಾಣುವಂತೆ ಎದ್ದು ಬಂದವು. ಉಳಿದ ಜಾಗದಲ್ಲಿ ಅಂಟು ಮೆತ್ತಿಕೊಂಡು ಧೂಳು ಹಿಡಿಯುತ್ತಿದೆ. ಹಳೆಯ ಗೋಡೆಯಾದ್ದರಿಂದ ಹೀಗಾಯಿತೆಂದು ತಮ್ಮ ಸಿಬ್ಬಂದಿ ಹೇಳಿದರು. ಬಣ್ಣ ಹೊಡೆದ ಗೋಡೆ, ಗಾಜು, ಮರ ಯಾವುದಕ್ಕಾದರೂ ಅಂಟಿಸಬಹುದೆಂದು ಜಾಹೀರಾತಿನಲ್ಲಿ ಬರೆದಿರುವವರು ಗೋಡೆಯ ವಯಸ್ಸನ್ನು ಈಗ ಎತ್ತುವುದು ನ್ಯಾಯವಲ್ಲ. ಬಾಡಿಗೆ ಮನೆಯಲ್ಲಿ ಇಂತಹ ಹಾನಿಯ ಖರ್ಚು ನೇರವಾಗಿ ನಾವು ಕೊಟ್ಟಿರುವ ಅಡ್ವಾನ್ಸ್‌ನಿಂದ ಕಡಿತವಾಗುತ್ತದೆ. ಮನೆಯ ಮಾಲೀಕರು ಗೋಡೆಯನ್ನು ನೋಡಿ, ದುರಸ್ತಿಯ ಹೊಣೆ ನಮ್ಮದೇ ಎಂದು ಈಗಾಗಲೇ ತಿಳಿಸಿದ್ದಾರೆ. ಅವರ ನಿಲುವಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(28), ಮುಖ್ಯವಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತೆಂದೇ ಪರಿಗಣಿಸುತ್ತದೆ. ಹಾನಿ ತಪ್ಪಿಸಲು ಬೇಕಾದ ಸಮರ್ಪಕ ಸೂಚನೆ ಅಥವಾ ಎಚ್ಚರಿಕೆ ಇಲ್ಲದ ಸರಕಿನಿಂದ ಉಂಟಾದ ಹಾನಿಗೆ ತಯಾರಕರನ್ನು ಕಲಂ 84 ಹೊಣೆ ಮಾಡುತ್ತದೆ; ಸರಕಿನಿಂದ ಬೇರೆ ಆಸ್ತಿಗೆ ಆದ ನಷ್ಟವೂ ಈ ಹಾನಿಯಲ್ಲಿ ಸೇರುತ್ತದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ಸರಕನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಪೊಟ್ಟಣ ಒಡೆದರೆ ಹಣವಿಲ್ಲ ಎಂಬ ತಮ್ಮ ಆಂತರಿಕ ನೀತಿ ಈ ನಿಯಮಕ್ಕಿಂತ ಮೇಲಿನದಲ್ಲ. ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕಾದ ಕರ್ತವ್ಯವೂ ಅದೇ ನಿಯಮಗಳಡಿ ತಮ್ಮ ಮೇಲಿದೆ.

ಆದ್ದರಿಂದ ನಾನು ಕೊಟ್ಟ ಪೂರ್ಣ ಮೊತ್ತವನ್ನು, ಸಾಗಣೆ ವೆಚ್ಚವನ್ನೂ ಸೇರಿಸಿ, ಪಾವತಿಸಿದ ಖಾತೆಗೇ ಮರಳಿಸಬೇಕು; ಸಿಂಕಿನ ಬದಿಯಲ್ಲಿ ನಿಂತಿರುವ ಹಾಳೆಗಳ ಬೆಲೆಯನ್ನು ಮಾತ್ರ ಕಳೆದುಕೊಂಡರೆ ನನ್ನ ಆಕ್ಷೇಪವಿಲ್ಲ. ಹಾನಿಯಾದ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಯಲು ಪೇಂಟರ್ ಬರೆದುಕೊಟ್ಟಿರುವ ಅಂದಾಜು ಪಟ್ಟಿಯನ್ನು ಲಗತ್ತಿಸಿದ್ದೇನೆ. ಆ ವೆಚ್ಚವನ್ನು ತಾವು ಭರಿಸಬೇಕು. ಹಣಕ್ಕಿಂತಲೂ ನನಗೆ ಮುಖ್ಯವಾದದ್ದು, ಉರಿಯುವ ಒಲೆಯ ಆ ಚಿತ್ರವನ್ನು ತಾವು ಕೂಡಲೇ ತೆಗೆಯುವುದು. ನಮ್ಮ ಅತ್ತೆಯವರಿಗೆ ಆದ ಗಾಬರಿ ಇನ್ನೊಂದು ಮನೆಯಲ್ಲಿ ಸುಟ್ಟಗಾಯವಾಗಬಾರದು. ಸರಕು ಯಾವ ವಸ್ತುವಿನದು, ಎಷ್ಟು ಡಿಗ್ರಿ ಶಾಖ ತಡೆಯುತ್ತದೆ, ಉರಿಯಿಂದ ಎಷ್ಟು ದೂರವಿರಬೇಕು ಎಂಬುದನ್ನು ಖರೀದಿಗೆ ಮೊದಲೇ ಕಾಣುವ ಹಾಗೆ ಜಾಲತಾಣದ ಪುಟದಲ್ಲೂ ಪೊಟ್ಟಣದ ಹೊರಮೈಯಲ್ಲೂ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಬೇಕು, ಮತ್ತು ಈಗಾಗಲೇ ಖರೀದಿಸಿದವರಿಗೆ ಸಂದೇಶದ ಮೂಲಕ ತಿಳಿಸಬೇಕು.

ಖರೀದಿಯ ರಸೀದಿ, ಜಾಹೀರಾತಿನ ಪುಟದ ಪ್ರತಿ, ಚೀಟಿಯ ಎರಡೂ ಬದಿಗಳ ಛಾಯಾಚಿತ್ರ, ಎರಡೂ ಗೋಡೆಗಳ ಛಾಯಾಚಿತ್ರಗಳು ಹಾಗೂ ತಮ್ಮ ಸಿಬ್ಬಂದಿಯ ಲಿಖಿತ ಉತ್ತರಗಳು ಈ ಪತ್ರದೊಂದಿಗಿವೆ. ಕಳಚಿದ ಹಾಳೆಗಳನ್ನು ಎಸೆಯದೆ ಇಟ್ಟಿದ್ದೇನೆ. ತಮ್ಮವರು ಬಂದು ಪರಿಶೀಲಿಸಬಹುದು. ನಿಗದಿತ ಒಂದು ತಿಂಗಳೊಳಗೆ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಾನು ವಾಸಿಸುವ ವ್ಯಾಪ್ತಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಇದೇ ದಾಖಲೆಗಳನ್ನು ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕಿ